ನರಸಕ್ಕನಿಗೊಂದು ಹೆಗಲು

"ಬಸುರಿ ಹೆಂಗಸು ಹೆಣ ನೋಡಬಾರದವ್ವ, ಒಳಗ ನಡಿ!" ನೆರೆಯ ಮುದುಕಿ ಮೈಲಾರಮ್ಮ ಎರಡೂ ಕೈ ಚಾಚಿ ಶಿವಲಕ್ಷ್ಮಿಯನ್ನು ಎದುರುಮನೆಯ ಬಾಗಿಲಲ್ಲೇ ತಡೆದಳು.

ಓಣಿಯಲ್ಲಿ ನರಸಕ್ಕನ ಚಟ್ಟಕ್ಕೆ ನಾಲ್ವರು ಕೈ ಹಾಕಿದ್ದರು: ಜೀನ್ಸ್ ಹೊಲಿಯುವ ಯುನಿಟ್ಟಿನ ಕಟಿಂಗ್ ಮಾಸ್ಟರ್ ರಾಮಾಂಜಿ, ಅವನು ಕರೆತಂದ ಇಬ್ಬರು, ಶಿವಲಕ್ಷ್ಮಿಯ ಗಂಡ ಮುತ್ತುರಾಜ್. ಉಳಿದ ಗಂಡಸರೆಲ್ಲ ಒಂಬತ್ತಕ್ಕೇ ಮಷೀನಿಗೆ ಕೂತಿದ್ದರು. ನರಸಕ್ಕನ ಬಾಡಿಗೆ ಕೋಣೆಯ ಮಾಲೀಕ ಹನುಮಂತಯ್ಯ ಒಂದು ಕೈಯಲ್ಲಿ ಊರುಗೋಲು ಹಿಡಿದು, ಮಂಡಕ್ಕಿ ಚೀಲವನ್ನು ಹೆಗಲಿಗೆ ನೇತುಹಾಕಿಕೊಂಡು ಮುಂದೆ ನಿಂತಿದ್ದ. ನರಸಕ್ಕನಿಗೆ ತನ್ನವರೆಂದು ಯಾರೂ ಇರಲಿಲ್ಲ.

ಶಿವಲಕ್ಷ್ಮಿ ಅಲ್ಲಿಂದಲೇ ಗಂಡನಿಗೆ ಕೂಗಿ ಹೇಳಿದಳು. "ಸೊಂಟ ಹಿಡ್ಕೊಂಡೈತೆ. ಮಗು ಅಡ್ಡ ಮಲಗೈತೆ, ನೋವು ಬರೋಕ್ಮುಂಚೆ ಬಳ್ಳಾರಿಗೆ ಹೋಗು ಅಂತ ನರಸಕ್ಕಜ್ಜಿ ಸೋಮವಾರಾನೇ ಹೊಟ್ಟೆ ಮುಟ್ಟಿ ಹೇಳಿದ್ರು. ನೀವೇ ವಾರ ಕಳೀಲಿ ಅಂದ್ರಿ."

"ಮಣ್ಣು ಮಾಡಿ ಬತ್ತೀನಿ ತಡಿ," ಎಂದ ಮುತ್ತುರಾಜ್. ಮಡಕಶಿರದಿಂದ ಹೊಲಿಗೆಗೆಂದು ಬಂದು ಅವರಿಗಿನ್ನೂ ವರ್ಷ ತುಂಬಿರಲಿಲ್ಲ. "ಅಜ್ಜಿಗೆ ಕಣ್ಣೇ ಕಾಣ್ತಿರ್ಲಿಲ್ಲ."

"ಕೈ ಸುಳ್ಳು ಹೇಳ್ತಿದ್ದಿಲ್ಲಪ್ಪ," ಎಂದಳು ಮೈಲಾರಮ್ಮ. "ಆಕಿ ಅಕ್ಕನ ಕತಿ ಕೇಳಿದ್ರ ನೀ ಹಿಂಗ ನಿಲ್ತಿದ್ದಿಲ್ಲ."

*

ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ನರಸಕ್ಕ ತವರಿಗೆ ಬಂದಿದ್ದಳು. ಆಗ ಊರಲ್ಲಿ ತಾಯಿ-ಮಕ್ಕಳ ಕ್ಷೇಮ ಕೇಂದ್ರ ತೆರೆದರು. ಹೆರಿಗೆ ಕೆಲಸ ಕಲಿಯಲು ಯಾರೂ ಮುಂದೆ ಬರಲಿಲ್ಲ. ಅವಳು ಹೋದಳು. ಬಳ್ಳಾರಿಯಲ್ಲಿ ಒಂದು ವರ್ಷ ಉಗುರು ಕತ್ತರಿಸಿಕೊಳ್ಳುವುದನ್ನು, ಮೊಣಕೈವರೆಗೆ ಸೋಪು ಹಚ್ಚುವುದನ್ನು, ಅಂಗೈಯಿಂದ ಕೂಸಿನ ತಲೆ ಹುಡುಕುವುದನ್ನು ಕಲಿತಳು.

ಊರಿಗೆ ಮರಳಿದ ಮೇಲೆ ಮೊದಲು ಮುಟ್ಟಿ ನೋಡಿದ್ದು ಸ್ವಂತ ಅಕ್ಕನ ಹೊಟ್ಟೆಯನ್ನೇ.

"ಅಪ್ಪಾ, ಕೂಸು ಅಡ್ಡ ಐತಿ. ಇವತ್ತೇ ಗಾಡಿ ಕಟ್ಟು."

"ಅಮಾಸಿ ಹೋಗ್ಲಿ. ಮನಿ ಹೆಣ್ಮಗಳನ್ನ ಆಸ್ಪತ್ರಿಗೆ ಹಾಕಿದ್ರ ಜನ ಏನಂತಾರ?"

ಮೂರನೆಯ ದಿನ ಗಾಡಿ ಹೊರಟಿತು. ದಾರಿಯಲ್ಲಿ ಓಬಳಾಪುರ ದಾಟುವುದರೊಳಗೆ ಅಕ್ಕನ ಹೆಣ ಹೊತ್ತು ಹಿಂದಕ್ಕೆ ತಿರುಗಿತು. ವಿಧವೆ ಮುಟ್ಟಿದ್ದಕ್ಕೇ ಹೀಗಾಯಿತೆಂದು ಮನೆಯವರು ಅಂದರು. ನರಸಕ್ಕ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಮುಂದೆ ಕೇಂದ್ರ ಮುಚ್ಚಿತು. ಜನ ಹೆರಿಗೆಗೆ ಮಾತ್ರ ಅವಳನ್ನು ಹಿತ್ತಲ ಬಾಗಿಲಿಂದ ಕರೆಯುತ್ತಿದ್ದರು. ಎಷ್ಟೋ ಕೂಸುಗಳಿಗೆ ಮೊದಲ ನೀರು ಹಾಕಿದವಳು ಅವಳೇ. ತೊಟ್ಟಿಲ ಶಾಸ್ತ್ರದ ದಿನ ಆ ಮನೆಗಳಿಂದ ಬರುವ ಹಾಡನ್ನು ತನ್ನ ಕೋಣೆಯಲ್ಲಿ ಕೂತು ಕೇಳುತ್ತಿದ್ದಳು.

*

ಮೈಲಾರಮ್ಮ ಹೇಳಿದ್ದನ್ನು ಕೇಳಿ ಮುತ್ತುರಾಜ್ ಚಟ್ಟದಿಂದ ಕೈ ತೆಗೆದ. "ರಾಮಾಂಜಣ್ಣಾ..."

"ಹನ್ನೊಂದರ ಬಸ್ಸೈತಿ. ಓಡು," ಎಂದ ರಾಮಾಂಜಿ.

ಸಂಜೆ ಬಳ್ಳಾರಿಯಲ್ಲಿ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತೆಂದು, ತಾಯಿ ಚೆನ್ನಾಗಿದ್ದಾಳೆಂದು ಮರುದಿನ ಓಣಿಗೆ ಸುದ್ದಿ ಬಂತು. ಆದರೆ ಅವರು ಬಸ್ಸಿಗೆ ಓಡಿದ ಮೇಲೆ ಚಟ್ಟ ಹೊರಲು ಉಳಿದವರು ಮೂವರೇ. ರಾಮಾಂಜಿ ಯುನಿಟ್ಟಿನ ಕಿಟಕಿಗೆ ಹೋಗಿ ಎರಡು ಸಲ ಕೂಗಿದ. ಮಷೀನುಗಳ ಸದ್ದಿನಲ್ಲಿ ಯಾರೂ ತಲೆ ಎತ್ತಲಿಲ್ಲ.

ಮೈಲಾರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ತಲೆಯ ಕಡೆ ಖಾಲಿಯಿದ್ದ ಬಿದಿರನ್ನು ಹಿಡಿದಳು.

"ಹೆಂಗಸರು ಹೆಗಲು ಕೊಡೋದು ಎಲ್ಲೈತಿ?" ಎಂದ ಹನುಮಂತಯ್ಯ.

"ನನ್ನ ಐದೂ ಹೆರಿಗಿ ಮಾಡಿದಾಕಿ ಈಕಿ. ಒಂದು ತೊಟ್ಲಿಗೂ ನಾ ಕರೀಲಿಲ್ರಿ."

ಹನುಮಂತಯ್ಯ ಒಂದು ಹಿಡಿ ಮಂಡಕ್ಕಿ ಎರಚಿ ಹೆಜ್ಜೆ ಹಾಕಿದ.

ಮೈಲಾರಮ್ಮ ಕುಳ್ಳಿ. ಎತ್ತಿದೊಡನೆ ಚಟ್ಟ ಅತ್ತ ವಾಲಿ, ನರಸಕ್ಕನ ತಲೆ ಅವಳ ಕಡೆ ಹೊರಳಿತು. ರಾಮಾಂಜಿ ನೋಡಿದ, ಮೊಣಕಾಲು ಬಗ್ಗಿಸಿದ. ಉಳಿದಿಬ್ಬರೂ ಬಗ್ಗಿಸಿದರು. ಖಾಲಿ ಓಣಿಯುದ್ದಕ್ಕೂ ಮೂವರು ಗಂಡಸರು ಆ ಮುದುಕಿಯ ಎತ್ತರಕ್ಕೆ ಕುಗ್ಗಿ ನಡೆದರು.