ಎಲಿಷಾನ ಒಂಬತ್ತನೇ ಸ್ವರ

ನಾನು ಒಂದು ಗಿಟಾರು. ಹುಟ್ಟಿದ್ದು ಕಲ್ಕತ್ತೆಯ ಇಕ್ಕಟ್ಟಾದ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಮಾಡಿದ ಮುದುಕ ಕೊನೆಯ ತಂತಿ ಬಿಗಿದು, ಬೆನ್ನು ತಟ್ಟಿ, ಬಂಗಾಳಿಯಲ್ಲಿ ಏನೋ ಹೇಳಿದ. ಹರಸಿದನೋ ಬೈದನೋ ಇವತ್ತಿಗೂ ಗೊತ್ತಿಲ್ಲ. ಅರ್ಥವಾಗದೆ ಪರದಾಡುವುದೇ ನನ್ನ ಹಣೆಬರಹವೆಂದು ಆಗಲೇ ತಿಳಿಯಬೇಕಿತ್ತು.

ರೈಲಿನಲ್ಲಿ ಹುಬ್ಬಳ್ಳಿಯ ಅಂಗಡಿಗೆ ಬಂದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವನು ಎಲಿಷಾ. ಗದಗಿನ ಒಂದು ಪ್ರೆಸ್ಸಿನಲ್ಲಿ ಮಷಿನ್ ನಡೆಸುವವನು. ಭಾನುವಾರ ಬೆಟಗೇರಿಯ ಚರ್ಚಿನಲ್ಲಿ ಹಾಡಿಗೆ ಜೊತೆ ನುಡಿಸುವವನು. ಬೆರಳಿನ ಮಸಿ ಭಾನುವಾರವೂ ಹೋಗುತ್ತಿರಲಿಲ್ಲ. ಊರಲ್ಲಿ ಗಿಟಾರು ಕಲಿಸುವವರು ಯಾರೂ ಇರಲಿಲ್ಲ. ಹಾಗಾಗಿ ಓಣಿಯ ಹಾರ್ಮೋನಿಯಂ ಮಾಸ್ತರರಾದ ವೀರಭದ್ರಯ್ಯನವರ ಹತ್ತಿರ ಸರಿಗಮ ಕಲಿತ. ನಾಲ್ಕಾರು ಸ್ವರ ಒಟ್ಟಿಗೆ ನುಡಿಯುವ ನನ್ನ ಕಾರ್ಡುಗಳನ್ನೆಲ್ಲ ಇಂಗ್ಲಿಷ್ ಪುಸ್ತಕ ನೋಡಿ, ಸರಿಗಮದಲ್ಲೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಹಾಡು ಮುಗಿಸುವಾಗ ಅವನು ಯಾವಾಗಲೂ ಒಂದೇ ಕಾರ್ಡು ಹಿಡಿಯುತ್ತಿದ್ದ. ಸ, ಗ, ಪ, ಅವುಗಳ ಮೇಲೊಂದು ರಿ. ನಮ್ಮ ಚರ್ಚಿನಲ್ಲಿ ಹಾಡಿಗೆ ಎದ್ದು ನಿಲ್ಲುತ್ತಾರೆ, ಮುಗಿದರೆ ಕೂರುತ್ತಾರೆ. ಈ ಕಾರ್ಡು ಬಂದಾಗ ಮಾತ್ರ ಹಾಡು ಮುಗಿಯಿತೋ ಇನ್ನೊಂದು ಚರಣ ಇದೆಯೋ ತಿಳಿಯದೆ ಅರ್ಧ ಜನ ಕೂರುವರು, ಅರ್ಧ ಜನ ನಿಂತೇ ಇರುವರು. ಕೂತವರು ಗಾಬರಿಯಾಗಿ ಏಳುವರು, ನಿಂತವರು ನಾಚಿ ಕೂರುವರು. ಸಭಾಪಾಲಕರು ಎರಡು ಸಲ ಹೇಳಿ ನೋಡಿದರು. ಎಲಿಷಾ ನಕ್ಕ, ಮುಂದಿನ ಭಾನುವಾರವೂ ಅದನ್ನೇ ಹಿಡಿದ. ನನಗೂ ಆ ರಿ ಎಂದರೆ ಗಲಿಬಿಲಿ. ಅದು ನನ್ನ ಹೊಟ್ಟೆಯೊಳಗೆ ಇಳಿಯದೆ, ಹೊರಗೂ ಹೋಗದೆ ನಡುಗುತ್ತ ಉಳಿಯುತ್ತಿತ್ತು.

ಐವತ್ತೆಂಟನೇ ವಯಸ್ಸಿಗೆ ಅವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು, ಮಾತು ತೊದಲಿತು. ಆಸ್ಪತ್ರೆಯಿಂದ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗಂಜಿಯೂ ಬೇಡ, ಯಾರೂ ಬೇಡ. "ಹೊಟ್ಟಿಗೆ ತಗೊಳ್ಳಲಿಲ್ಲಂದ್ರ ಉಳಿಯೂದು ಕಷ್ಟ ಐತಿ" ಎಂದು ಡಾಕ್ಟರು ಅವನ ಹೆಂಡತಿ ಸಲೋಮಿಗೆ ಹೇಳಿ ಹೋದರು. ಸಲೋಮಿ ಶಾಲೆಯಲ್ಲಿ ಹೊಲಿಗೆ ಕಲಿಸುವ ಟೀಚರು. ಮೂವತ್ತು ವರ್ಷದಲ್ಲಿ ಧೂಳು ಒರೆಸುವುದಕ್ಕೆ ಬಿಟ್ಟರೆ ನನ್ನನ್ನು ಮುಟ್ಟಿದವಳಲ್ಲ. ಅಂದು ಮೊಳೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು, ಅದೂ ಉಲ್ಟಾ! ಹಾಡು ಮುಗಿಸುವ ಆ ಕಾರ್ಡು ಕೇಳಿದರೆ ಅವನು ಈ ಕಡೆ ಹೊರಳಿಯಾನು ಎಂಬುದೊಂದೇ ಅವಳ ಆಸೆ.

ನೋಟ್‌ಬುಕ್ಕು ಹುಡುಕಿದಳು. "ಸಿ ಆ್ಯಡ್ ೯" ಎಂದು ಬರೆದು, ಪಕ್ಕದಲ್ಲಿ "ಹಾಡಿನ ಕೊನೆಗೆ: ಸ ಗ ಪ ರಿ" ಎಂದು ಸೇರಿಸಿ, ಆರು ತಂತಿಗೆ ಆರು ಗೆರೆ ಎಳೆದು, ಬೆರಳಿಗೊಂದು ಚುಕ್ಕೆ ಇಟ್ಟಿದ್ದ. ಅದನ್ನೂ ನನ್ನನ್ನೂ ಹೊತ್ತುಕೊಂಡು ಮಾಸ್ತರರ ಮನೆಗೆ ಹೋದಳು.

"ಸ್ವರ ಇರೂದು ಏಳಲ್ರೀ ಮಾಸ್ತರ್ರ. ಒಂಬತ್ತು ಎಲ್ಲಿಂದ ಬಂತ್ರೀ?"

ಮಾಸ್ತರರು ಬೆರಳು ಮಡಿಸಿದರು. "ಸರಿಗಮಪದನಿ ಏಳು, ಮ್ಯಾಲಿನ ಸಾ ಎಂಟು, ಮ್ಯಾಲಿನ ರಿ ಒಂಬತ್ತು. ಲೆಕ್ಕ ಬರೋಬ್ಬರಿ ಐತ್ರೀ ಅಕ್ಕಾರ. ಆದ್ರ ಈ ರಿ ಇಲ್ಲಿ ಬರಬಾರದು. ರಿ ಮ್ಯಾಲೆ ಹಾಡು ನಿಂದ್ರಂಗಿಲ್ಲ, ಸಾ ಮ್ಯಾಲೆ ಬಂದು ಕೂಡಬೇಕು. ಎಲಿಷಾ ಬರಿಯೂದ್ರಾಗ ತಪ್ಪ್ಯಾನ."

ಹೀಗೆಂದು ಅವರು ನೋಟ್‌ಬುಕ್ಕಿನ ರಿಯನ್ನು ಹೊಡೆದುಹಾಕಿದರು. ನನ್ನ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಫ್ರೆಟ್ಟೆಂಬ ಪಟ್ಟಿಗಳಲ್ಲಿ ಮೂರನೆಯದರ ಮೇಲಿದ್ದ ಅವಳ ಬೆರಳನ್ನು ಮೊದಲನೆಯದಕ್ಕೆ ತಂದು, ಸಾ ನುಡಿಸಿ ತಲೆದೂಗಿದರು.

ಹದಿನೈದು ದಿನ ಅವಳು ಆ ತಿದ್ದಿದ ಕಾರ್ಡನ್ನೇ ನುಡಿಸಿದಳು. ಸೂಜಿ ಚುಚ್ಚಿ ಗಟ್ಟಿಯಾದ ಬೆರಳುಗಳೂ ನನ್ನ ತಂತಿಗೆ ಕೆಂಪಾದವು. ನಾನು ಅಚ್ಚುಕಟ್ಟಾಗಿ ನುಡಿದೆ. ಎಲಿಷಾ ಅಲುಗಲಿಲ್ಲ. ಎರಡು ಚಮಚೆಗಿಂತ ಹೆಚ್ಚು ಗಂಜಿ ಇಳಿಯಲಿಲ್ಲ. ಸರಿ ಯಾರು, ಮಾಸ್ತರರೋ ನೋಟ್‌ಬುಕ್ಕೋ? ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆ? ಒತ್ತಿದ್ದನ್ನು ನುಡಿಯುವ ಜಾತಿ ನನ್ನದು.

ಚರ್ಚಿನಲ್ಲಿ ಈಗ ಬೇರೆಯವರು ಕೀಬೋರ್ಡು ನುಡಿಸುತ್ತಿದ್ದರು. ಒಂದು ಭಾನುವಾರ ಅಲ್ಲಿಂದ ಬಂದ ಸಲೋಮಿ ಸೀರೆಯನ್ನೂ ಬದಲಿಸದೆ ನನ್ನನ್ನು ಎತ್ತಿಕೊಂಡಳು. "ಇವತ್ತು ಎಲ್ಲಾರೂ ಒಮ್ಮೆಲೇ ಕುಂತ್ರು" ಎಂದು ತನಗೆ ತಾನೇ ಹೇಳಿಕೊಂಡಳು. "ಇವರು ಬಾರಿಸಿದಾಗ ಒಂದಿನಾನರ ಹಂಗ ಕುಂತಾರೇನು? ಇವರೂ ಮಾಸ್ತರ್ ಹೇಳಿದಂಗ ಸಾ ಮ್ಯಾಲೆ ಮುಗಿಸಿದ್ರ ಅಷ್ಟು ಮಂದಿ ಯಾಕ ನಿಂತಿರತಿದ್ರು?" ಬೆರಳನ್ನು ಮತ್ತೆ ಮೂರನೇ ಫ್ರೆಟ್ಟಿಗೆ ಒಯ್ದು ನುಡಿಸಿದಳು. ರಿ ನಡುಗಿತು.

ಗೋಡೆಯ ಕಡೆಗಿದ್ದ ಮುಖ ಈ ಕಡೆ ಹೊರಳಿತು.

"ಬ್ಯಾ... ಬ್ಯಾಡ" ಎಂದ ಎಲಿಷಾ.

ಸಲೋಮಿಯ ಕಣ್ಣು ತುಂಬಿತು. "ಇದೂ ತಪ್ಪೇನ್ರೀ? ಮತ್ತ ಯಾವುದ್ರೀ?" ಇನ್ನೊಮ್ಮೆ ನುಡಿಸಿದಳು. ಇನ್ನೊಮ್ಮೆ "ಬ್ಯಾಡ". ಅವಳು ಮತ್ತೆ ಮೀಟಲು ಎತ್ತಿದ ಬಲಗೈಯನ್ನು ಅವನು ತನ್ನ ಬಲಗೈಯಿಂದ ಹಿಡಿದು ಪಕ್ಕಕ್ಕೆ ಸರಿಸಿದ. ಕಾರ್ಡು ಒತ್ತಿದ್ದ ಅವಳ ಎಡಗೈಯನ್ನು ಮುಟ್ಟಲಿಲ್ಲ. ಆಮೇಲೆ ತನ್ನ ಬೆರಳುಗಳನ್ನು ನನ್ನ ತಂತಿಗಳ ಮೇಲೆ ಎಳೆದ.

ಒತ್ತಿದವಳು ಒಬ್ಬಳು, ಮೀಟಿದವನು ಇನ್ನೊಬ್ಬ. ನುಡಿಸುತ್ತಿರುವುದು ಯಾರೆಂದು ನನಗೆ ಬಗೆಹರಿಯಲಿಲ್ಲ. ಅಂದು ಅವನು ಒಂದು ಬಟ್ಟಲು ಗಂಜಿ ಕುಡಿದ.

ನಾಲ್ಕು ವರ್ಷ ಹೀಗೇ ನಡೆಯಿತು. ಸಂಜೆಯಾದರೆ ಅವನನ್ನು ದಿಂಬಿಗೆ ಒರಗಿಸಿ, ನನ್ನನ್ನು ಅವನ ತೊಡೆಯ ಮೇಲಿಟ್ಟು, ಅವಳು ಎಡಕ್ಕೆ ಕೂರುವಳು. ಅವಳು ಒತ್ತುವ ಮೊದಲೇ ಅವನು ಮೀಟಿಬಿಡುವ. "ತಡೀರಿ ಸ್ವಲ್ಪ, ರೈಲು ಹೋಗತೈತೇನು?" ಎಂದು ರೇಗುವಳು. ಮಾಸ್ತರರು ಬಂದು ಕೇಳಿ, "ಶಾಸ್ತ್ರಕ್ಕ ಕೂಡಂಗಿಲ್ಲ ಬಿಡ್ರೀ" ಎಂದು ತಲೆ ಕೆರೆದುಕೊಳ್ಳುವರು. ಮರುದಿನ ಮತ್ತೆ ಬರುವರು.

ಎಲಿಷಾ ತೀರಿಕೊಂಡು ಎರಡು ವರ್ಷವಾಯಿತು. ನನ್ನ ಬೆನ್ನು ಸೀಳು ಬಿಟ್ಟಿದೆ, ತಂತಿ ಬಿಗಿಯುವ ಒಂದು ಬಿರಟೆ ತಿರುಗುವುದಿಲ್ಲ. ಹೊಲಿಗೆ ಮಷಿನ್ನಿನ ಪಕ್ಕದ ಮೂಲೆಯಲ್ಲಿ ಒರಗಿರುತ್ತೇನೆ. ಸಂಜೆ ಸಲೋಮಿ ನನ್ನನ್ನು ಮಂಚದ ಮೇಲಿಟ್ಟು, ಎಡಕ್ಕೆ ಕೂತು, ಆ ಕಾರ್ಡು ಹಿಡಿಯುತ್ತಾಳೆ. ಈಗ ಒಂದು ಬೆರಳೂ ತಪ್ಪುವುದಿಲ್ಲ. ಬಲಗೈ ಮಾತ್ರ ಅವಳ ಮಡಿಲಲ್ಲೇ ಇರುತ್ತದೆ.

"ಹಿಡದೀನ್ರೀ" ಎನ್ನುತ್ತಾಳೆ.

ಮೀಟುವುದಿಲ್ಲ. ಸ್ವಲ್ಪ ಹೊತ್ತು ಕಾದು ಬೆರಳು ತೆಗೆಯುತ್ತಾಳೆ. ಇದನ್ನು ನುಡಿಸುವುದು ಎನ್ನಬೇಕೋ ಬೇಡವೋ, ನನಗೆ ತಿಳಿಯದು. ದುಃಖವಂತೂ ಆಗುತ್ತದೆ. ಆದರೆ ಅವಳು ಒತ್ತಿದಷ್ಟು ಹೊತ್ತು ನಾನೂ ಸಿದ್ಧವಾಗಿಯೇ ಇರುತ್ತೇನೆ.