ಕರಗದ ಕೈ

ಕೆರೆಯ ಮಣ್ಣು ಹೊಸ್ತಿಲು ದಾಟಿ ಬರಬಾರದೆಂದು ಅಡಿವೆವ್ವ ಕಟ್ಟಪ್ಪಣೆ ಮಾಡಿದ್ದಳು. ಎದುರಾಡುವ ಧೈರ್ಯ ಯಾರಿಗಿದೆ? ಚೌತಿಯ ಮುನ್ನಾದಿನ ಗಣಪ್ಪನಿಗೆಂದು ಮಣ್ಣು ತರಲು ಹೋದ ಮಗಳು ಶಾರವ್ವ, ತುಂಬಿದ ಕೆರೆಯಲ್ಲಿ ಜಾರಿಬಿದ್ದು ಹೆಣವಾಗಿ ಮನೆಗೆ ಬಂದಿದ್ದಳು. ‘ಹೋಗು’ ಎಂದು ಬುಟ್ಟಿ ಕೊಟ್ಟು ಕಳಿಸಿದವಳು ಅಡಿವೆವ್ವನೇ.

ಹಾಗಾಗಿ ಮರುವರ್ಷ, ೧೯೮೩ರ ಹಬ್ಬಕ್ಕೆ ಗಂಡ ಗಿರಿಯಪ್ಪ ಹಿರೇಕೆರೂರಿನ ಸಂತೆಯಿಂದ ಪ್ಲಾಸ್ಟರಿನ ಗಣಪ್ಪನನ್ನು ತಂದ. ತೊಟ್ಟಿಲ ಕೂಸಿನಷ್ಟು ದೊಡ್ಡದು. ಗುಲಾಬಿ ಮೈ, ಬಂಗಾರದ ಕಿರೀಟ, ಎತ್ತಿದ ಪುಟ್ಟ ಕೈ. “ಮಣ್ಣಿಂದು ಇದರ ಮುಂದ ಏನೈತಿ ಬಿಡ್ರಿ,” ಎಂದ ನೆರೆಮನೆಯ ಗುತ್ತೆಪ್ಪ. ಗಿರಿಯಪ್ಪ ತಾನೇ ಮಾಡಿದವನಂತೆ ಬೀಗಿದ. ಐದನೆಯ ದಿನ ಗಂಡಸರೇ ಮೊಸರವಲಕ್ಕಿ ಕಟ್ಟಿಕೊಂಡು ಹೋಗಿ ದೇವರನ್ನು ಕೆರೆಗೆ ಕಳಿಸಿ ಬಂದರು.

ಬೇಸಿಗೆಯಲ್ಲಿ ಬಾವಿ ಬತ್ತಿತು. ಕೆರೆಯ ಕಡೆ ತಲೆ ಹಾಕದಿದ್ದ ಅಡಿವೆವ್ವ ವಿಧಿಯಿಲ್ಲದೆ ಬಟ್ಟೆಯ ಗಂಟು ಹೊತ್ತು ಅಲ್ಲಿಗೇ ಹೋದಳು. ನೀರು ಇಳಿದ ಕೆಸರಿನ ನಡುವಿನಿಂದ ಬಿಳಿಚಿಕೊಂಡ ಒಂದು ಪುಟ್ಟ ಕೈ ಮೇಲೆದ್ದಿತ್ತು. ಅಂಗೈ ಅವಳತ್ತಲೇ ತಿರುಗಿತ್ತು. ಮಗಳನ್ನು ಮಣ್ಣು ಮಾಡಿದ್ದು ಆ ಗಳಿಗೆಗೆ ನೆನಪಾಗಲಿಲ್ಲ.

“ಶಾರೀ, ಬಂದ್ನಿ ತಡಿಯವ್ವಾ!”

ಬಿದ್ದು ಎದ್ದು ಹೋಗಿ ಎಳೆದಳು. ಬಂದದ್ದು ಗಣಪ್ಪ. ಬಣ್ಣ ತೊಳೆದುಹೋಗಿ ಕಣ್ಣು ಬಾಯಿ ಅಳಿಸಿದ್ದವು. ಕೈ ಮಾತ್ರ ಇದ್ದ ಹಾಗೇ ಇತ್ತು. ಅದನ್ನು ಕೆಸರಿನಲ್ಲೇ ಬಿಟ್ಟು ಮನೆಗೆ ಓಡಿದಳು.

ಅಂದಿನಿಂದ ಆ ಕೈ ಬೆನ್ನು ಬಿಡಲಿಲ್ಲ. ಕೊಡಕ್ಕೆ ಬಗ್ಗಿದರೆ ನೀರಿನಲ್ಲಿ ಅದೇ. ಹಿಟ್ಟು ನಾದುವಾಗ ಒಳಗಿನಿಂದ ಬೆರಳು ತಾಗಿದಂತಾಗಿ ಬೆಚ್ಚಿಬೀಳುವಳು. ರೊಟ್ಟಿ ಬಡಿಯುವ ಸದ್ದಿನ ನಡುವೆ ‘ಅವ್ವಾ, ಕೈ ಹಿಡಿ’ ಎಂದು ಕೇಳಿಸುವುದು. ಗಿರಿಯಪ್ಪ ಸವಣೂರಿನಿಂದ ತಾಯತ ತಂದು ಕಟ್ಟಿದ. ತಾಯತ ತೋಳಿನಲ್ಲಿತ್ತು, ಕೈ ಕಣ್ಣೆದುರಿಗೇ ಇತ್ತು.

ಮತ್ತೆ ಚೌತಿ ಹತ್ತಿರವಾಯಿತು. “ಆ ದೇವರು ಕರಗಿಲ್ಲರಿ. ಕಳಿಸಿದ್ರೂ ಹೋಗಿಲ್ಲ. ಅದರ ಜೋಡಿ ನಮ್ಮ ಶಾರೀನೂ ಅಲ್ಲೇ ನಿಂತಾಳ,” ಎಂದಳು ಅಡಿವೆವ್ವ. “ಈ ಸಲ ಕೆರಿ ಮಣ್ಣಿಂದು ನಾನ ಮಾಡ್ತೇನಿ.”

“ಹುಚ್ಚ ಹಿಡದೈತೇನ ನಿನಗ? ಆ ದಂಡಿಗೆ ಹೋಗಬ್ಯಾಡ.”

“ಹೋಗದಿದ್ರ ಖರೇನ ಹಿಡಿತೈತ್ರಿ.”

ಗಿರಿಯಪ್ಪ ಅವಳ ನಡುವಿಗೆ ಬಾವಿಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ದಂಡೆಯ ಮೇಲೆ ನಿಂತ. ನಗುವವರು ನಕ್ಕರು. ಅವಳು ಮಣ್ಣು ಬಗೆದು ತಂದಳು. ಮಾಡಿದ ಗಣಪ್ಪ ಚೆಂದವೇನೂ ಆಗಲಿಲ್ಲ. ಒಂದು ಕಿವಿ ಸಣ್ಣದು, ಹೊಟ್ಟೆ ಒಂದು ಕಡೆಗೆ ವಾಲಿತ್ತು. ಬಣ್ಣ ಹಚ್ಚಲಿಲ್ಲ.

ಕಳಿಸುವ ದಿನ ಉಳಿದವರೆಲ್ಲ ತಮ್ಮ ದೇವರನ್ನು ಬಿಟ್ಟು ದಂಡೆ ಹತ್ತಿದರು. ಅಡಿವೆವ್ವ ಬಿಡಲಿಲ್ಲ. ಸೊಂಟದವರೆಗಿನ ನೀರಿನಲ್ಲಿ ನಿಂತು, ಗಣಪ್ಪನನ್ನು ನೀರೊಳಗೇ ಹಿಡಿದುಕೊಂಡಳು. ಕಿವಿ ಕರಗಿದವು, ಸೊಂಡಿಲು ಕರಗಿತು. ಎತ್ತಿದ ಕೈ ಅವಳ ಬೆರಳನ್ನು ಹಿಡಿದಂತಾಯಿತು. ಅವಳು ಕೈ ಕಿತ್ತುಕೊಳ್ಳಲಿಲ್ಲ. ಅದು ಮೆತ್ತಗಾಗುತ್ತ, ಸಣ್ಣದಾಗುತ್ತ ಜಾರಿತು. ಕಣ್ಣಿಗಿಟ್ಟಿದ್ದ ಎರಡು ಗುಲಗಂಜಿ ಅಂಗೈಯಲ್ಲಿ ಉಳಿದವು. ಅವನ್ನೂ ಬಿಟ್ಟಳು.

“ಕರಗಿತೇನ?” ದಂಡೆಯಿಂದ ಗಿರಿಯಪ್ಪ ಕೂಗಿದ.

“ಹೋದ್ಲುರೀ, ನಮ್ಮ ಶಾರಿ ಹೋದ್ಲು,” ಎಂದವಳು, ಮರುಗಳಿಗೆಯೇ ಆ ಕೈ ಮತ್ತೆ ಸಿಗುವುದೇನೋ ಎಂದು ನೀರನ್ನೆಲ್ಲ ತಡಕಾಡತೊಡಗಿದಳು.