ಡ್ಯಾಂಪರಿನ ದರ

ಯಾರಲ್ಗಾದಲ್ಲಿ ಕುದುರೆ ಓಟ ನಡೆಯುವುದು ವರ್ಷಕ್ಕೊಮ್ಮೆ. ಅದರ ಕುರಿತ ಉಪದೇಶ ಮಾತ್ರ ವರ್ಷವಿಡೀ. ಉಪದೇಶದ ಪೀಠವಿದ್ದುದು ಊರಿನ ಒಂದೇ ಪಬ್ಬಿನ ಕಿಟಕಿ ಪಕ್ಕದ ಎತ್ತರದ ಸ್ಟೂಲಿನ ಮೇಲೆ. ಪೀಠಾಧಿಪತಿ ರೆಗ್ ಹೋಲ್‌ಬ್ರುಕ್. ಮೂವತ್ತು ವರ್ಷ ಬಾಜಿ ಕಟ್ಟಿ, ಎರಡು ಟ್ರಾಕ್ಟರುಗಳನ್ನೂ ಒಂದು ನೀರಿನ ಪಂಪನ್ನೂ ಕಳೆದುಕೊಂಡ ಅನುಭವಸ್ಥ. ಅಷ್ಟು ಶುಲ್ಕ ತೆತ್ತು ಕಲಿತ ವಿದ್ಯೆಯನ್ನು ಕಂಡಕಂಡವರಿಗೆ ಪುಕ್ಕಟೆಯಾಗಿ ಹಂಚುತ್ತಿದ್ದುದನ್ನು ಅವನ ದೊಡ್ಡತನವೆಂದೇ ಹೇಳಬೇಕು. "ಕುದುರೆ ಕಾಲು ನೋಡ್ಬೇಡ್ರೋ, ದರ ನೋಡಿ. ಕಾಲು ಸುಳ್ಳು ಹೇಳತ್ತೆ, ದರ ಹೇಳಲ್ಲ" ಎಂಬುದು ಅವನ ಮೂಲಮಂತ್ರ.

ಅವನದೇ ಒಂದು ಕುದುರೆಯೂ ಇತ್ತು. ಹೆಸರು ಡ್ಯಾಂಪರ್. ಕೆಂಡದ ಬೂದಿಯಲ್ಲಿ ಸುಡುವ ನಮ್ಮ ಕುರಿಗಾಹಿಗಳ ರೊಟ್ಟಿಯ ಹೆಸರೇ ಅದು; ಬಣ್ಣವೂ ಅದರದೇ, ಹೆಚ್ಚುಕಡಿಮೆ ವೇಗವೂ ಅದರದೇ. ಹನ್ನೊಂದು ವರ್ಷದ ಈ ಪ್ರಾಣಿ ಒಂಬತ್ತು ಓಟಗಳಲ್ಲಿ ಪಾಲ್ಗೊಂಡು, ಒಂಬತ್ತರಲ್ಲೂ ಉಳಿದ ಕುದುರೆಗಳ ಬಾಲಗಳನ್ನು ದೂರದಿಂದ ಅಧ್ಯಯನ ಮಾಡಿತ್ತು. ರೆಗ್ ಕೊನೆಗೊಂದು ತೀರ್ಮಾನಕ್ಕೆ ಬಂದ. ಶನಿವಾರ ಡ್ಯಾಂಪರ್ ಊರಿನ ಓಟದಲ್ಲಿ ಒಮ್ಮೆ ಓಡಲಿ. ಸೋಮವಾರ ನಾಯಿ ಆಹಾರದ ಕಾರ್ಖಾನೆಯ ಲಾರಿ ಬಂದು ಅದನ್ನು ಒಯ್ಯಲಿ. ಮರಿಯಾಗಿದ್ದಾಗಲೇ ತಾಯಿ ಸತ್ತ ಅದನ್ನು ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ ಅವನ ಹೆಂಡತಿ ಡಲ್ಸಿ ಒಂದು ವಾರ ಅತ್ತಳು, ಇನ್ನೊಂದು ವಾರ ಮಾತು ಬಿಟ್ಟಳು. ಮಾತು ಬಿಟ್ಟದ್ದನ್ನು ರೆಗ್ ಒಪ್ಪಿಗೆಯೆಂದು ತಿಳಿದ.

ನಾನು ಆ ವರ್ಷ ಬುಕ್ಕಿ ಆರ್ಚಿ ಪೆಂಡಲ್‌ನ ಗುಮಾಸ್ತನಾಗಿ ಊರಿಂದೂರಿಗೆ ಓಟಗಳ ಹಿಂದೆ ಅಲೆಯುತ್ತಿದ್ದೆ. ಆರ್ಚಿ ಹಲಗೆಯ ಮೇಲೆ ದರ ಬರೆದು ಬಾಜಿ ಪಡೆಯುವವನು; ನಾನು ಅವನ ಬೆನ್ನ ಹಿಂದೆ ಕುಳಿತು ಪ್ರತಿಯೊಂದನ್ನೂ ಹಾಳೆಗಿಳಿಸುವವನು. ಶುಕ್ರವಾರ ಮಧ್ಯಾಹ್ನ ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ ಕೊಳ್ಳಲು ಡಲ್ಸಿಯ ಬೇಕರಿಗೆ ಹೋದಾಗ, ಅವಳು ಪೈ ಇದ್ದ ತಟ್ಟೆಯನ್ನು ತನ್ನ ಕಡೆಯೇ ಹಿಡಿದುಕೊಂಡು ಕೇಳಿದಳು:

"ಲೋ ಮರಿ, ಈ ದರ ಅಂದ್ರೆ ಏನೋ? ಮೂವತ್ತು ವರ್ಷದಿಂದ ಕೇಳ್ತಿದೀನಿ. ರೆಗ್ ಬಿಡಿಸಿ ಹೇಳಿದಷ್ಟೂ ಗಂಟು ಜಾಸ್ತಿಯಾಗತ್ತೆ."

"ಸುಲಭ ಡಲ್ಸಿ. ಹಲಗೆ ಮೇಲೆ ನಾಲ್ಕು ಅಂತಿದ್ರೆ, ಒಂದು ಡಾಲರ್ ಕಟ್ಟಿ ಗೆದ್ದೋನಿಗೆ ನಾಲ್ಕು ಡಾಲರ್ ಸಿಗತ್ತೆ. ಅವನು ಕಟ್ಟಿದ ಒಂದೂ ಅದರಲ್ಲೇ ಸೇರಿರತ್ತೆ. ಲಾಭ ಮೂರು."

"ಸೋತ್ರೆ?"

"ಸೋತ್ರೆ ಆರ್ಚಿ ಹೊಸ ಟೋಪಿ ಕೊಳ್ತಾನೆ."

"ಅದಿರ್ಲಿ. ಕುದುರೆ ಗೆಲ್ಲೋದು ಎಷ್ಟು ನಿಜ ಅಂತ ಅದರಲ್ಲಿ ತಿಳಿಯತ್ತಾ?"

"ನೂರನ್ನ ಆ ದರದಿಂದ ಭಾಗಿಸು. ದರ ಎರಡಾದ್ರೆ ನೂರಕ್ಕೆ ಐವತ್ತು ಸಾಧ್ಯತೆ, ನಾಲ್ಕಾದ್ರೆ ಇಪ್ಪತ್ತೈದು. ನಿಮ್ಮ ಡ್ಯಾಂಪರಿಗೆ ಆರ್ಚಿ ಮೂವತ್ತನಾಲ್ಕು ಇಡ್ತಾನಂತೆ. ಅಂದ್ರೆ ನೂರಕ್ಕೆ ಮೂರು. ಅದೂ ಊರಿನ ಮರ್ಯಾದೆಗೆ."

ಹಿಟ್ಟು ಸಕ್ಕರೆ ತೂಗಿಯೇ ಬದುಕಿದ ಹೆಂಗಸು, ಅಷ್ಟಕ್ಕೇ ಬಿಡಲಿಲ್ಲ. "ಹಾಗಾದ್ರೆ ಎಲ್ಲ ಕುದುರೇದೂ ಕೂಡಿದ್ರೆ ಸರಿಯಾಗಿ ನೂರು ಬರಬೇಕಲ್ಲ?"

"ಬರಬೇಕು. ಆದ್ರೆ ನೂರಾ ಹದಿನೆಂಟು ಬರತ್ತೆ. ಮೇಲಿನ ಹದಿನೆಂಟು ಆರ್ಚಿಯ ಹೊಟ್ಟೆಪಾಡು."

"ನೂರು ತುಂಡಿರೋ ಕೇಕಲ್ಲಿ ನೂರಾ ಹದಿನೆಂಟು ತುಂಡು ಮಾರೋದು. ನಾನು ಹಾಗೆ ಮಾಡಿದ್ರೆ ಪೊಲೀಸ್ ಬರ್ತಾನೆ." ತಟ್ಟೆ ಒಂದಿಷ್ಟು ನನ್ನತ್ತ ಸರಿಯಿತು. "ಬೆಳಿಗ್ಗೆ ಒಂದು ದರ ಇರತ್ತೆ, ಮಧ್ಯಾಹ್ನ ಇನ್ನೊಂದು. ಅಷ್ಟರಲ್ಲಿ ಕುದುರೆ ಬೇರೆ ಆಗಿಬಿಡತ್ತಾ?"

"ಕುದುರೆ ಅದೇ. ಬರೋ ದುಡ್ಡು ಬೇರೆ. ಎಲ್ರೂ ಒಂದೇ ಕುದುರೆ ಮೇಲೆ ಮುಗಿಬಿದ್ರೆ, ಅದೇನಾದ್ರೂ ಗೆದ್ರೆ ಆರ್ಚಿ ಮನೆ ಮಾರ್ಬೇಕಾಗತ್ತೆ. ಅದಕ್ಕೆ ಅದರ ದರ ಇಳಿಸ್ತಾನೆ, ಬೇರೇದರ ದರ ಏರಿಸ್ತಾನೆ."

"ಆ ಕುದುರೆ ಓಡದೇ ಇರೋ ಕುದುರೆ ಆದ್ರೂ?"

"ದರಕ್ಕೆ ಕುದುರೆ ಪರಿಚಯ ಇಲ್ಲ ಡಲ್ಸಿ. ಜನರದ್ದು ಮಾತ್ರ ಪರಿಚಯ."

ಅವಳು ಒಲೆಯತ್ತ ತಿರುಗಿ, "ರೆಗ್ ಕಾಲು ನಂಬಲ್ಲ, ದರ ನಂಬ್ತಾನೆ" ಎಂದು ಒಲೆಗೆ ಹೇಳುವಂತೆ ಹೇಳಿದಳು. ಪೈಗೆ ದುಡ್ಡು ಬೇಡವೆಂದಳು. ಮೂವತ್ತು ವರ್ಷ ಗಂಡನಿಂದ ಕಲಿಯದ ವಿದ್ಯೆಯನ್ನು ಒಂದು ಪೈಯ ಬೆಲೆಗೆ ಕಲಿತವಳು, ಅಂದು ಸಂಜೆಯೇ ಅಂಗಡಿಯ ಬಾಗಿಲು ಹಾಕಿ ಲ್ಯಾಮಿಂಗ್ಟನ್ ಕೇಕುಗಳನ್ನು ಮಾಡಲು ಕುಳಿತಳು.

ನಮ್ಮ ಊರುಗಳಲ್ಲಿ ಮಾಡಬಾರದ ಪಾಪಗಳು ಕೆಲವಿವೆ. ನೆರೆಯವರು ಓಡಿಸುವ ಕುದುರೆಯ ಮೇಲೆ ಒಂದು ಡಾಲರನ್ನೂ ಕಟ್ಟದಿರುವುದು ಅವುಗಳಲ್ಲೊಂದು. ಡ್ಯಾಂಪರಿನ ವಿಷಯದಲ್ಲಿ ಊರು ಈ ಪಾಪವನ್ನು ವರ್ಷಗಳಿಂದ ನಿರಾತಂಕವಾಗಿ ಮಾಡಿಕೊಂಡು ಬಂದಿತ್ತು. ಶನಿವಾರ ಡಲ್ಸಿ ಮೈದಾನದ ಬಾಗಿಲಲ್ಲೇ ಮೇಜು ಹಾಕಿ, ಚಾಕಲೇಟಿನಲ್ಲಿ ಅದ್ದಿ ಕೊಬ್ಬರಿ ತುರಿ ಮೆತ್ತಿದ ಆ ಕೇಕುಗಳನ್ನು ಬಿಟ್ಟಿಯಾಗಿ ಹಂಚುತ್ತಾ ಎಲ್ಲರಿಗೂ ಪಾಪಪರಿಹಾರದ ದಾರಿ ತೋರಿಸಿದಳು.

"ತಗೋ ನೋಯೆಲ್, ಇನ್ನೊಂದು ತಗೋ. ನಮ್ ಡ್ಯಾಂಪರ್ ಮೇಲೆ ಹತ್ತು ಡಾಲರ್ ಕಟ್ತೀಯ ತಾನೇ? ಅವನ ಕೊನೇ ಓಟ."

ಅಂಚೆಯ ನೋಯೆಲ್ ಬಾಯಲ್ಲಿದ್ದುದನ್ನು ನುಂಗುವುದೋ ಉಗುಳುವುದೋ ತಿಳಿಯದೆ ತಲೆಯಾಡಿಸಿದ. ಅವಳ ಕೇಕು ತಿಂದು ಅವಳ ಮುಖ ನೋಡಿ ಇಲ್ಲವೆನ್ನುವ ಎದೆಗಾರಿಕೆ ಆ ಜಿಲ್ಲೆಯಲ್ಲಿ ಯಾರಿಗೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಹಾಳೆಯ ಮೇಲೆ ಡ್ಯಾಂಪರಿನ ಸಾಲು ಕೆಳಗಿಳಿಯುತ್ತಲೇ ಹೋಯಿತು. ಹತ್ತು, ಹತ್ತು, ಹತ್ತು, ನರ್ಸಮ್ಮನದು ಇಪ್ಪತ್ತು. ಆರ್ಚಿ ಮೂವತ್ತನಾಲ್ಕನ್ನು ಒರೆಸಿ ಇಪ್ಪತ್ತೊಂದು ಬರೆದ. ಅದನ್ನೊರೆಸಿ ಹದಿಮೂರು. ಆಮೇಲೆ ಎಂಟು.

"ಆರ್ಚಿ, ಆ ಕುದುರೆ ಗೆಲ್ಲಲ್ಲ ಅಂತ ನಿನಗೂ ಗೊತ್ತಲ್ಲ?" ಎಂದು ಪಿಸುಗುಟ್ಟಿದೆ.

"ಗೆಲ್ಲೋದ್ಯಾರು ಅಂತ ಗೊತ್ತಿದ್ದಿದ್ರೆ ನಾನ್ಯಾಕೋ ಈ ಹಲಗೆ ಹೊತ್ತು ಅಲೀತಿದ್ದೆ? ಕುದುರೆಗಳಿಗೆ ಬುದ್ಧಿ ಇಲ್ಲ ಮಾರಾಯಾ, ಯಾವತ್ತು ಏನು ಮಾಡ್ತಾವೋ. ಬರಿ ನೀನು."

ನೂರು ಹೆಜ್ಜೆ ದೂರದ ಬಿಯರ್ ಬೂತಿನ ನೆರಳಲ್ಲಿ ರೆಗ್ ತನ್ನ ಶಿಷ್ಯರ ನಡುವೆ ನಿಂತಿದ್ದ. ಹಲಗೆ ಅವನಿಗೆ ಕಾಣುತ್ತಿತ್ತು. ಬಾಗಿಲ ಬಳಿಯ ಕೇಕಿನ ಮೇಜು ಕಾಣುತ್ತಿರಲಿಲ್ಲ. ಅಂಕಿ ಎಂಟಕ್ಕಿಳಿದಾಗ ಅವನು ಮಾತು ನಿಲ್ಲಿಸಿದ. ಐದಕ್ಕಿಳಿದಾಗ ಕನ್ನಡಕ ಒರೆಸಿಕೊಂಡ. ನಾಲ್ಕಕ್ಕಿಳಿದಾಗ, ಗುಟ್ಟು ತಿಳಿದವನ ನಡಿಗೆಯಲ್ಲಿ ಆರ್ಚಿಯ ಮುಂದೆ ಬಂದು ನಿಂತ.

"ಯಾರು ಕಟ್ತಿರೋದು ಆರ್ಚಿ?"

"ಜನ."

"ಯಾವ ಜನ? ದೊಡ್ಡ ಕುಳಾನಾ? ಪಟ್ಟಣದೋರಾ?"

"ರೆಗ್, ನೀನು ಕಟ್ತೀಯೋ, ಇಲ್ಲ ಜನಗಣತಿ ಮಾಡ್ತೀಯೋ?"

ರೆಗ್ ನನ್ನತ್ತ ಬಾಗಿ, ಮರುಕದಿಂದ ವಿವರಿಸಿದ: "ನೋಡು ತಮ್ಮಾ, ಕಲ್ತ್ಕೋ. ಮೂವತ್ತನಾಲ್ಕು ನಾಲ್ಕಾಗಬೇಕಾದ್ರೆ ಯಾರಿಗೋ ಏನೋ ಗೊತ್ತಿದೆ ಅಂತಲೇ ಅರ್ಥ. ಇಷ್ಟು ದುಡ್ಡು ದಡ್ಡರ ದುಡ್ಡಲ್ಲ." ಎಂದು ಐನೂರು ಡಾಲರ್ ಎಣಿಸಿಟ್ಟ. ತನ್ನ ಕೊಟ್ಟಿಗೆಯಲ್ಲೇ ಹನ್ನೊಂದು ವರ್ಷ ಮೇವು ತಿಂದ ಕುದುರೆಯ ಕುರಿತು ಅಪರಿಚಿತರಿಗೆ ತನಗಿಂತ ಹೆಚ್ಚು ತಿಳಿದಿದೆಯೆಂದು ನಂಬಲು ಮೂವತ್ತು ವರ್ಷಗಳ ವ್ಯಾಸಂಗವೇ ಬೇಕು.

ಮಾಲೀಕನೇ ಐನೂರು ಕಟ್ಟಿದನೆಂಬ ಸುದ್ದಿ ಮೈದಾನದಲ್ಲಿ ಹಬ್ಬಲು ಎರಡು ನಿಮಿಷ ಸಾಕಾಯಿತು. ಆಗ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೆಳಿಗ್ಗೆ ದಾಕ್ಷಿಣ್ಯಕ್ಕೆ ಹತ್ತು ಡಾಲರ್ ಕಟ್ಟಿ ಅದು ಹೋಯಿತೆಂದೇ ಬಗೆದಿದ್ದ ಅದೇ ಜನ, ತಾವೇ ಇಳಿಸಿದ ದರವನ್ನು ನೋಡಿ ಬೆರಗಾಗಿ, ಇದರಲ್ಲೇನೋ ಇದೆಯೆಂದು ಮತ್ತೆ ಓಡಿ ಬಂದರು. ಕೇಕಿಗಾಗಿ ಕಟ್ಟಿದ್ದ ನೋಯೆಲ್ ಈಗ ನಂಬಿಕೆಯಿಂದ ಐವತ್ತು ಕಟ್ಟಿದ. ಓಟದ ಗಂಟೆ ಬಾರಿಸುವಾಗ ಡ್ಯಾಂಪರಿನ ದರ ಎರಡೂ ಎಂಬತ್ತು, ಮೂರು ಡಾಲರಿಗೂ ಕಡಿಮೆ. ಏಳು ಕುದುರೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ದರದ್ದು, ಅಂದರೆ ಫೇವರಿಟ್, ಅದೇ. ಮೂರು ಓಟ ಗೆದ್ದ ಕರ್ನಲ್ ಗ್ರೇ ಎಂಬ ಕುದುರೆಯನ್ನು ಕೇಳುವವರಿರಲಿಲ್ಲ.

ರೆಗ್ ಸ್ವತಃ ಕೇಕಿನ ಮೇಜಿಗೆ ಹೋಗಿ ಹೆಂಡತಿಯ ಭುಜ ತಟ್ಟಿದ. "ಅಳಬೇಡ್ವೇ. ಲಾರಿಯವನಿಗೆ ಫೋನ್ ಮಾಡಿ ಬೇಡ ಅಂತೀನಿ. ಓಟ ಒಂದು ಮುಗೀಲಿ."

ಡಲ್ಸಿ ಬಿಳಿಚಿದಳು. ಅವನು ಹೋದ ಮೇಲೆ ನನ್ನ ಬಳಿ ಬಂದು ತೋಳು ಹಿಡಿದಳು. "ಮರಿ, ಓಟ ಒಂದು ಇದೆ ಅನ್ನೋದನ್ನೇ ಮರೆತುಬಿಟ್ಟಿದ್ದೆ ಕಣೋ."

ಓಟವಂತೂ ಇತ್ತು. ಧೂಳೆದ್ದಿತು, ಕರ್ನಲ್ ಗ್ರೇ ಧೂಳಿನೊಳಗಿಂದ ಒಂಟಿಯಾಗಿ ಹೊರಬಂದು ಗೆದ್ದಿತು, ಹಿಂದೆ ಐದು ಕುದುರೆಗಳು ಬಂದವು. ಧೂಳು ಅಡಗಿ, ಜನ ಗ್ಲಾಸುಗಳನ್ನು ಮತ್ತೆ ತುಂಬಿಸಿಕೊಂಡ ಮೇಲೆ ಡ್ಯಾಂಪರ್ ಬಂದಿತು, ಪ್ರೇಕ್ಷಕರನ್ನು ಆಸಕ್ತಿಯಿಂದ ನೋಡುತ್ತಾ. ಆರ್ಚಿ ಹಲಗೆ ಒರೆಸಿ, ಯಾರಿಗೂ ನೋವಾಗದಂತೆ ಮೆಲ್ಲಗೆ ಸಿಳ್ಳೆ ಹಾಕಿದ.

ಮೈದಾನದ ಸದ್ದು ಅಡಗಿದ ಮೇಲೆ ನಿಜ ಹೊರಬಿತ್ತು. "ನಾನು ಡಲ್ಸಿಗೋಸ್ಕರ ಕಟ್ಟಿದ್ದಪ್ಪ" ಎಂದು ನೋಯೆಲ್ ಹೇಳಿದ. ನರ್ಸಮ್ಮನೂ ಅದನ್ನೇ ಹೇಳಿದಳು. ಮೂರನೆಯವನು ಹೇಳುವಷ್ಟರಲ್ಲಿ ರೆಗ್‌ನ ಮುಖ ಬೀಟ್‌ರೂಟಿನಂತಾಗಿತ್ತು. ಅವನು ಹೆಂಡತಿಯತ್ತ ನಡೆದ; "ಸೋಮವಾರ ಬೆಳಿಗ್ಗೆ ಏಳಕ್ಕೆ ಲಾರಿ" ಎಂದಷ್ಟೇ ಅಂದ. ಡಲ್ಸಿ ಖಾಲಿ ತಟ್ಟೆಯನ್ನು ಎದೆಗೊತ್ತಿಕೊಂಡು ನಿಂತಳು.

ಅಷ್ಟರಲ್ಲಿ ಧ್ವನಿವರ್ಧಕ ರೆಗ್‌ನ ಹೆಸರು ಕೂಗಿತು. ಫೇವರಿಟ್ ಕುದುರೆ ಕೊನೆಗೆ ಬಂದರೆ, ಮೋಸವೇನಾದರೂ ನಡೆದಿದೆಯೇ ಎಂದು ವಿಚಾರಣೆಯಾಗಬೇಕೆಂಬುದು ಓಟದ ನಿಯಮ. ಡ್ಯಾಂಪರಿಗೆ ಆ ಗೌರವ ಒದಗುತ್ತದೆಂದು ಯಾರೂ ಎಣಿಸಿರಲಿಲ್ಲ. ಹಾಳೆಗಳನ್ನು ಹೊತ್ತು ನಾನೂ ಹೋದೆ. ಪಟ್ಟಣದಿಂದ ಬಂದಿದ್ದ ಮೇಲ್ವಿಚಾರಕ ಲೋರಿಮರ್ ತಗಡಿನ ಶೆಡ್ಡಿನೊಳಗೆ ಟೈ ಕಟ್ಟಿಕೊಂಡು ಬೆವರುತ್ತಿದ್ದ. ಊರಿನ ಅರ್ಧ ಜನ ಕಿಟಕಿಯಲ್ಲಿ ಮುಖವಿಟ್ಟಿದ್ದರು.

"ಹೋಲ್‌ಬ್ರುಕ್ ಅವರೇ, ನಿಮ್ಮ ಕುದುರೆ ಮೂವತ್ತನಾಲ್ಕರಿಂದ ಎರಡೂ ಎಂಬತ್ತಕ್ಕೆ ಇಳಿದಿದೆ. ನೀವೂ ಐನೂರು ಕಟ್ಟಿದ್ದೀರಿ. ಕೊನೆಗೆ ಬಂದಿದೆ. ಏನು ಹೇಳ್ತೀರಿ?"

ರೆಗ್‌ನ ಮುಂದೆ ಎರಡು ದಾರಿಗಳಿದ್ದವು. ಕುದುರೆ ಎಂದಿನಂತೆಯೇ ಓಡಿತು, ಹೆಂಡತಿಯ ಕೇಕು ತಿಂದವರ ದುಡ್ಡನ್ನು ತಾನೇ ಪಟ್ಟಣದ ದೊಡ್ಡ ಕುಳಗಳ ದುಡ್ಡೆಂದು ತಿಳಿದೆ ಎಂದು ಒಪ್ಪಿಕೊಳ್ಳುವುದು ಒಂದು. ಅವನು ಕಿಟಕಿಯಲ್ಲಿದ್ದ ತನ್ನ ಶಿಷ್ಯರನ್ನು ನೋಡಿ, ಇನ್ನೊಂದನ್ನು ಹಿಡಿದ.

"ದುರದೃಷ್ಟ ಸ್ವಾಮಿ" ಎಂದು ಆರಂಭಿಸಿದ. "ಎರಡನೇ ತಿರುವಲ್ಲಿ ದಾರಿ ಸಿಗಲಿಲ್ಲ. ಮುಂದಿನೋರ ಧೂಳು ಕಣ್ಣಿಗೆ ಹೋಯ್ತು. ಜಾಕಿ ಲಗಾಮು ಬಿಗಿ ಹಿಡಿದ. ಇದು ಗೆಲ್ಲೋ ಕುದುರೆ. ದರ ಸುಮ್ಮನೆ ಇಳಿಯತ್ತಾ?"

ಕುದುರೆಯನ್ನು ಪರೀಕ್ಷಿಸಿ ಬಂದ ವೈದ್ಯ, "ಗಾಯ ಇಲ್ಲ, ಕುಂಟ್ತಾ ಇಲ್ಲ. ಎದೆಬಡಿತ ಮಾತ್ರ ಮಲಗಿರೋ ಕುದುರೇದು" ಎಂದ.

"ನೋಡಿದ್ರಾ" ಎಂದ ರೆಗ್, "ಇನ್ನೂ ಪೂರ್ತಿ ಓಡೇ ಇಲ್ಲ. ಓಟ ಎಲ್ಲಾ ಒಳಗೇ ಉಳಿದಿದೆ."

ಲೋರಿಮರ್ ಅದನ್ನೆಲ್ಲ ಬರೆದುಕೊಂಡು ರೆಗ್‌ನಿಂದ ಸಹಿ ಹಾಕಿಸಿದ. ಮನುಷ್ಯ ಬಾಯಲ್ಲಿ ಹೇಳಿದ ಸುಳ್ಳನ್ನು ಮರುದಿನ ಮರೆಯಬಲ್ಲ. ಸಹಿ ಹಾಕಿದ ಸುಳ್ಳನ್ನು ಸಾಕಲೇಬೇಕು. ಭಾನುವಾರವಿಡೀ ಪಬ್ಬಿನ ಪೀಠದಿಂದ ರೆಗ್ ಆ ಎರಡನೇ ತಿರುವಿನ ವ್ಯಾಖ್ಯಾನ ಮಾಡಿದ. ಲಾರಿ ಬರುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಡಲ್ಸಿಗೆ ತಿಳಿಸಲಿಲ್ಲ.

ಸೋಮವಾರ ಏಳಕ್ಕೆ ಬೇಕರಿಯ ಹಿಂದಿನ ರೆಗ್‌ನ ಅಂಗಳಕ್ಕೆ ಲಾರಿ ಬಂದಿತು. ಊರು ಬಿಡುವ ಮುನ್ನ ಬ್ರೆಡ್ಡು ಕೊಳ್ಳಲು ಹೋಗಿದ್ದ ನಾನು ಡಲ್ಸಿಯ ಜೊತೆ ಬೇಕರಿಯ ಹಿಂಬಾಗಿಲಲ್ಲಿ ನಿಂತಿದ್ದೆ. ಅವಳ ಕೈಗೆ ಮೆತ್ತಿದ್ದ ಹಿಟ್ಟು ಹಾಗೆಯೇ ಒಣಗುತ್ತಿತ್ತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ಎಲ್ಲಯ್ಯಾ ಕುದುರೆ?" ಎಂದ.

"ಯಾವ ಕುದುರೆ?" ಎಂದ ರೆಗ್, ಅವಮಾನವಾದವನಂತೆ. "ಫೇವರಿಟ್ ಕುದುರೇನ ನಾಯಿಗೆ ಹಾಕ್ತಾರೇನಯ್ಯಾ?"

"ಕೊನೆಗೆ ಬಂತಂತಲ್ಲ?"

"ಅದೇ ಚೆಲುವು ಮಾರಾಯಾ. ಕೊನೆಗೆ ಬಂದಿದ್ದಕ್ಕೇ ಮುಂದಿನ ವರ್ಷ ಆರ್ಚಿ ನಲವತ್ತು ಇಡ್ತಾನೆ. ಒಂದಕ್ಕೆ ನಲವತ್ತು. ಈಗ ಕುದುರೆ ಒಳಗೇನಿದೆ ಅಂತ ಗೊತ್ತಿರೋನು ನಾನೊಬ್ಬನೇ. ಇಂಥ ದರ ಬಿಟ್ಟುಕೊಡೋಕೆ ನನಗೇನು ಹುಚ್ಚಾ?"

ಚಾಲಕ ಲಾರಿಯ ಎಂಜಿನ್ ಆರಿಸಿ ಕೆಳಗಿಳಿದ. ನೂರನ್ನು ನಲವತ್ತರಿಂದ ಭಾಗಿಸುವುದು ಹೇಗೆಂದು ರೆಗ್ ಅವನಿಗೆ ಅರ್ಧ ಗಂಟೆ ವಿವರಿಸಿದ. ಡಲ್ಸಿ ಒಳಗೆ ಹೋಗಿ ಇಬ್ಬರಿಗೂ ಚಹಾ ತಂದಿಟ್ಟಳು. ಚಹಾ ಮುಗಿಸಿದ ಚಾಲಕ ಬೇಲಿಯಾಚೆ ಹುಲ್ಲು ಮೇಯುತ್ತಿದ್ದ ಡ್ಯಾಂಪರನ್ನು ಬಹಳ ಹೊತ್ತು ನೋಡಿ, ಜೇಬಿನಿಂದ ಇಪ್ಪತ್ತು ಡಾಲರ್ ತೆಗೆದು, ಮುಂದಿನ ವರ್ಷ ತನ್ನ ಪರವಾಗಿಯೂ ಕಟ್ಟಬೇಕೆಂದು ರೆಗ್‌ನ ಕೈಗೆ ಕೊಟ್ಟ.